ಕ್ಯಾಲ್ಸಿಯಮ್ಮಿನ ಸಂಕೇತವೂ ಜಠರದ ಕ್ಯಾನ್ಸರೂ

ಜಠರದ ಕ್ಯಾನ್ಸರಿಗೂ ಕ್ಯಾಲ್ಸಿಯಮ್ಮಿಗೂ ಸಂಬಂಧವುಂಟೆಂದು ಓದಿದೊಡನೆ, ಹಾಲು ಮೊಸರುಗಳನ್ನು ಬಿಡಬೇಕೆ ಎಂದು ಕೆಲವರು ಕೇಳುತ್ತಾರೆ. ಕ್ಯಾಲ್ಸಿಯಂ ಗುಳಿಗೆಗಳನ್ನು ನುಂಗಬೇಕೆ ಎಂದು ಮತ್ತೆ ಕೆಲವರು. ಎರಡು ಪ್ರಶ್ನೆಗಳ ಮೂಲದಲ್ಲಿಯೂ ಇರುವ ತಪ್ಪು ಒಂದೇ: ಪರಿಮಾಣವನ್ನೂ ಸಂಕೇತವನ್ನೂ ಒಂದೆಂದು ಭಾವಿಸುವುದು. ಭೌತಶಾಸ್ತ್ರದ ಅಧ್ಯಾಪಕನಾದ ನನಗೆ ಈ ಭೇದವನ್ನು ವಿದ್ಯಾರ್ಥಿಗಳ ಮುಂದಿಡುವುದು ಅಗತ್ಯವೆಂದು ತೋರುತ್ತದೆ.

ನಮ್ಮ ದೇಹದ ಕ್ಯಾಲ್ಸಿಯಮ್ಮಿನಲ್ಲಿ ಶೇಕಡ 99ರಷ್ಟು ಎಲುಬು ಹಲ್ಲುಗಳಲ್ಲಿದೆ. ಉಳಿದ ಅಲ್ಪಾಂಶದ ಕಾರ್ಯವೇ ವಿಸ್ಮಯಕರ. ಲಂಡನ್ನಿನ ಸಿಡ್ನಿ ರಿಂಗರ್ 1883ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ನೋಡಿ. ನಲ್ಲಿಯ ನೀರಿನಿಂದ ಮಾಡಿದ ಉಪ್ಪಿನ ದ್ರಾವಣದಲ್ಲಿ ಕಪ್ಪೆಯ ಹೃದಯ ಬಹುಕಾಲ ಮಿಡಿಯಿತು. ಬಟ್ಟಿಯಿಳಿಸಿದ ನೀರಿನ ದ್ರಾವಣದಲ್ಲಿ ಬೇಗನೆ ನಿಂತುಹೋಯಿತು. ನಲ್ಲಿಯ ನೀರಿನಲ್ಲಿದ್ದ ಕಿಂಚಿತ್ ಕ್ಯಾಲ್ಸಿಯಮ್ಮೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ.

ಜೀವಕೋಶದ ಒಳಗಿರುವುದಕ್ಕಿಂತ ಹೊರಗೆ ಕ್ಯಾಲ್ಸಿಯಂ ಅಯಾನುಗಳ ಸಾಂದ್ರತೆ ಸುಮಾರು 10,000 ಪಟ್ಟು ಹೆಚ್ಚು. ಒಳನುಗ್ಗಿದ ಅಯಾನುಗಳನ್ನು ಕೋಶವು ಶಕ್ತಿಯನ್ನು ವ್ಯಯಮಾಡಿ ಹೊರಹಾಕುತ್ತಲೇ ಇರುತ್ತದೆ. ಪೊರೆಯ ದ್ವಾರಗಳು ಕ್ಷಣಕಾಲ ತೆರೆದರೆ ಅವು ಒಳಕ್ಕೆ ಧಾವಿಸುತ್ತವೆ. ಈ ಏರಿಳಿತವೇ ಸಂಕೇತ. ಶಾಲೆಯ ಗಂಟೆಯನ್ನು ನೆನೆಯಿರಿ: ಒಂದು ಬಡಿತಕ್ಕೆ ಪಾಠ ಬದಲಾಗುತ್ತದೆ, ಎಡೆಬಿಡದ ಬಡಿತಕ್ಕೆ ಮಕ್ಕಳು ಮನೆಗೆ ಹೊರಡುತ್ತಾರೆ. ಕಂಚು ಅದೇ, ಅರ್ಥವಿರುವುದು ಬಡಿತದ ಲಯದಲ್ಲಿ.

ಜಠರದಲ್ಲಿ ಆಮ್ಲವನ್ನು ಸ್ರವಿಸುವ ಕೋಶಗಳಿಗೆ ನರಗಳ ಆಜ್ಞೆ ಮುಟ್ಟುವುದು ಕ್ಯಾಲ್ಸಿಯಮ್ಮಿನ ಮೂಲಕವೇ. ಕ್ಯಾನ್ಸರಿಗೆ ತುತ್ತಾದ ಕೋಶಗಳಲ್ಲಿ ಈ ದ್ವಾರಗಳಲ್ಲಿ ಕೆಲವು ಅತಿಯಾಗಿ ಹೆಚ್ಚಿರುವುದು ಕಂಡುಬಂದಿದೆ. ವಿಭಜಿಸು, ಸ್ಥಳ ಬಿಟ್ಟು ಹರಡು ಎಂಬ ಆಜ್ಞೆಗಳು ಅಕಾಲದಲ್ಲಿ ಮೊಳಗುತ್ತವೆ. ಇದು ಊಟದಿಂದ ಬಂದ ಕೇಡಲ್ಲ. ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಹಾರ್ಮೋನುಗಳು ಬಿಗಿಯಾಗಿ ಕಾಯುತ್ತವೆ. ಒಂದು ಲೋಟ ಹಾಲು ಕೋಶದ ದ್ವಾರಗಳನ್ನು ಕೆಡಿಸಲಾರದು.

ಹಾಗಾದರೆ ಸಂಕೇತವನ್ನೇ ಅಡಗಿಸಬಾರದೆ? ಹೃದಯವೂ ನರಗಳೂ ಸ್ನಾಯುಗಳೂ ಇದೇ ಗಂಟೆಗೆ ಕಿವಿಗೊಡುತ್ತವೆ. ಅಷ್ಟೇ ಅಲ್ಲ, ಕ್ಯಾಲ್ಸಿಯಂ ಮಿತಿಮೀರಿದರೆ ಕೋಶವು ಸಾಯುವುದೂ ಉಂಟು. ಬೆಳೆಯೆಂದು ಹೇಳುವುದೂ ಸಾಯೆಂದು ಹೇಳುವುದೂ ಒಂದೇ ಅಯಾನು! ತಪ್ಪು ಬಡಿತವನ್ನು ನಿಲ್ಲಿಸಲು ಗಂಟೆಯನ್ನೇ ಕಿತ್ತೆಸೆಯುವುದು ವಿವೇಕವಲ್ಲ. ಬಡಿಯುವ ಕೈಯನ್ನು ಗುರುತಿಸಬೇಕು. ಆ ಕಾರ್ಯಕ್ಕೆ ವಿದ್ಯುತ್ತು, ವಿಸರಣೆ, ಬೆಳಕು ಇವುಗಳನ್ನು ಬಲ್ಲವರೂ ಬೇಕು. ಒಸಾಮು ಶಿಮೊಮುರ ಮತ್ತು ಸಂಗಡಿಗರು ಅಂಬಲಿಮೀನಿನಿಂದ ಪಡೆದು 1962ರಲ್ಲಿ ವರ್ಣಿಸಿದ ಪ್ರೋಟೀನು, ಕ್ಯಾಲ್ಸಿಯಂ ಸೋಕಿದೊಡನೆ ಬೆಳಗುತ್ತದೆ. ಅದರಿಂದ ಈ ಸಂಕೇತವನ್ನು ಕಣ್ಣಾರೆ ಕಾಣುವ ದಾರಿ ತೆರೆಯಿತು. ಭೌತಶಾಸ್ತ್ರದ ವಿದ್ಯಾರ್ಥಿಗಳು ಜೀವಶಾಸ್ತ್ರವನ್ನು ಪರರ ಹೊಲವೆಂದು ಬಗೆಯಬಾರದು.

ಸಂಶೋಧನೆ ಫಲಿಸುವವರೆಗೆ ನಾವು ಕೈಕಟ್ಟಿ ಕೂಡಬೇಕಾಗಿಲ್ಲ. 2022ರಲ್ಲಿ ಈ ರೋಗಕ್ಕೆ ಜಗತ್ತಿನಲ್ಲಿ ಸುಮಾರು 6.6 ಲಕ್ಷ ಮಂದಿ ಬಲಿಯಾದರು. ಇದರ ಪ್ರಧಾನ ಕಾರಣ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯ. ಇದನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 2005ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಜಠರದ ಕೋಶಗಳೊಳಗೆ ಕ್ಯಾಲ್ಸಿಯಮ್ಮನ್ನು ಕದಡಬಲ್ಲ ಈ ಸೂಕ್ಷ್ಮಜೀವಿಯನ್ನು ವೈದ್ಯರು ಔಷಧಗಳಿಂದ ನಿರ್ಮೂಲ ಮಾಡಬಲ್ಲರು. ತಂಬಾಕನ್ನು ತ್ಯಜಿಸುವುದೂ ಉಪ್ಪನ್ನು ಮಿತಗೊಳಿಸುವುದೂ ನಮ್ಮ ಕೈಯಲ್ಲಿಯೇ ಇವೆ.

ಮುಂದೆ ಇಂಥ ಸುದ್ದಿಯನ್ನು ಓದುವಾಗ ಎರಡು ಪ್ರಶ್ನೆಗಳನ್ನು ಕೇಳಿರಿ: ಹೇಳುತ್ತಿರುವುದು ಪರಿಮಾಣದ ಮಾತೋ ಸಂಕೇತದ ಮಾತೋ? ಕಂಡದ್ದು ಗಾಜಿನ ಬಟ್ಟಲಿನ ಕೋಶಗಳಲ್ಲೋ ಮನುಷ್ಯನ ದೇಹದಲ್ಲೋ? ಇವೆರಡನ್ನು ಕೇಳಬಲ್ಲವನು ಸುಳ್ಳು ಭಯಕ್ಕೂ ಈಡಾಗನು, ಸುಳ್ಳು ಔಷಧಕ್ಕೂ ಮರುಳಾಗನು.