ಮೀನಿನ ತೊಟ್ಟಿಗೆ ಒಂದು ಪೈಪು, ಒಂದು ಬಕೆಟ್ ಸಾಕು

ಮಕ್ಕಳೇ, ಗಾಜಿನ ತೊಟ್ಟಿಯಲ್ಲಿ ಬಣ್ಣಬಣ್ಣದ ಮೀನುಗಳು ಓಡಾಡುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ, ಅಲ್ಲವೇ? ಆದರೆ ಅದೇ ತೊಟ್ಟಿಯನ್ನು ತೊಳೆಯುವ ದಿನ ಬಂತೆಂದರೆ ಎಲ್ಲರೂ ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ!

ಬೀದರಿನ ಮೈಲೂರಿನಲ್ಲಿರುವ ನಮ್ಮ ಮನೆಯಲ್ಲೂ ಹೀಗೇ ಆಗುತ್ತಿತ್ತು. ತಿಂಗಳಿಗೊಮ್ಮೆ, ನೀರು ಹಸಿರಾಗಿ ವಾಸನೆ ಬಂದ ಮೇಲೆ ನಾನೇ ಆ ಕೆಲಸಕ್ಕೆ ಇಳಿಯುತ್ತಿದ್ದೆ. ಮೀನುಗಳನ್ನು ಹಿಡಿದು ಪಾತ್ರೆಗೆ ಹಾಕಿ, ಚೊಂಬಿನಿಂದ ನೀರೆಲ್ಲ ಮೊಗೆದು ಚೆಲ್ಲುತ್ತಿದ್ದೆ. ಉಸುಕನ್ನು ತಿಕ್ಕಿ ತಿಕ್ಕಿ ತೊಳೆದು, ನಲ್ಲಿಯ ಹೊಸ ನೀರು ತುಂಬಿ ಮೀನು ಬಿಡುತ್ತಿದ್ದೆ. ತೊಟ್ಟಿ ಕನ್ನಡಿಯಂತೆ ಹೊಳೆಯುತ್ತಿತ್ತು. ಒಮ್ಮೆ ಹಾಗೆ ತೊಳೆದ ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ, ಐದು ಮೀನುಗಳಲ್ಲಿ ನಾಲ್ಕು ಸತ್ತು ತೇಲುತ್ತಿದ್ದವು. ತೊಳೆಯದೆ ಬಿಟ್ಟಿದ್ದರಿಂದ ಅಲ್ಲ, ಅತಿಯಾಗಿ ತೊಳೆದದ್ದರಿಂದ ಹೀಗಾಯಿತು ಎಂದು ನನಗೆ ಅರ್ಥವಾದದ್ದು ಆಮೇಲೆ.

ಅಂದಿನಿಂದ ನನ್ನ ಅಭಿಪ್ರಾಯ ಇಷ್ಟು. ಮೀನಿನ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ತೊಳೆಯಬಾರದು. ವಾರಕ್ಕೊಮ್ಮೆ ಸ್ವಲ್ಪ ನೀರನ್ನು ಮಾತ್ರ ಬದಲಿಸಬೇಕು. ಕೆಲಸ ಸುಲಭವಾಗಿದ್ದರೆ ಮಾತ್ರ ಅದು ವಾರವಾರವೂ ನಡೆಯುತ್ತದೆ. ಸುಲಭ ಮಾಡಲು ಒಂದು ಪೈಪು ಸಾಕು. ಶಾಲೆಯಲ್ಲಿ ಮೀನಿನ ತೊಟ್ಟಿ ಇದ್ದರೆ ಆ ಪೈಪು ನಿಮ್ಮ ಕೈಯಲ್ಲೇ ಇರಬೇಕು.

ತಿಳಿನೀರೆಲ್ಲ ಒಳ್ಳೆಯ ನೀರಲ್ಲ

ಮೀನುಗಳು ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಬಿಡುತ್ತವೆ. ಅವು ತಿನ್ನದೆ ಬಿಟ್ಟ ಆಹಾರ ಕೊಳೆತಾಗಲೂ ಅಮೋನಿಯಾ ಉಂಟಾಗುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಮೀನಿಗೆ ವಿಷ. ಹಾಗಾದರೆ ತೊಟ್ಟಿಯ ಮೀನುಗಳು ಬದುಕುವುದು ಹೇಗೆ? ಉಸುಕಿನಲ್ಲಿ, ಕಲ್ಲುಗಳ ಮೇಲೆ, ಸೋಸುಕದಲ್ಲಿ ನೆಲೆಸಿರುವ ಬ್ಯಾಕ್ಟೀರಿಯಗಳಿಂದ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟಿನಿಂದ ಆಗುವ ಹಾನಿ ಬಹಳ ಕಡಿಮೆ. ಆದರೆ ಅದು ನೀರಿನಲ್ಲಿ ಸೇರುತ್ತಲೇ ಹೋಗುತ್ತದೆ. ಅದನ್ನು ಹೊರಹಾಕಲೆಂದೇ ನಾವು ನೀರು ಬದಲಿಸುವುದು.

ನಾನು ಮಾಡಿದ್ದೇನು? ಉಸುಕನ್ನು ತಿಕ್ಕಿ ಈ ಬ್ಯಾಕ್ಟೀರಿಯಗಳನ್ನು ಓಡಿಸಿದೆ. ಬ್ಲೀಚಿಂಗ್ ಪುಡಿ ಬೆರೆತ ನಲ್ಲಿ ನೀರು ಸುರಿದು ಉಳಿದವನ್ನೂ ಕೊಂದೆ. ನೀರಿನಲ್ಲಿದ್ದ ಕ್ಲೋರಿನ್ ಮೀನುಗಳ ಕಿವಿರುಗಳಿಗೂ ಹಾನಿ ಮಾಡುತ್ತದೆ. ತೊಟ್ಟಿ ಹೊಳೆಯಿತು, ಆದರೆ ಅದರೊಳಗೆ ವಿಷವನ್ನು ಅರಗಿಸುವವರೇ ಇಲ್ಲವಾದರು!

ಪಂಪಿಲ್ಲದೆ ಏರುವ ನೀರು

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಅದರ ಕಾಲುಭಾಗ ಎಂದರೆ ಹನ್ನೆರಡೂವರೆ ಲೀಟರ್, ಹೆಚ್ಚುಕಡಿಮೆ ಒಂದು ಬಕೆಟ್. ವಾರಕ್ಕೆ ಅಷ್ಟು ಬದಲಿಸಿದರೆ ಸಾಕು.

ಒಂದೂವರೆ ಮೀಟರ್ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಪೈಪು ತೆಗೆದುಕೊಳ್ಳಿ. ಮೊದಲು ತೊಟ್ಟಿಯ ದೀಪ, ಗಾಳಿಯ ಪಂಪು ಎಲ್ಲದರ ಪ್ಲಗ್ಗನ್ನು ದೊಡ್ಡವರಿಂದ ತೆಗೆಸಿ. ಪೈಪನ್ನು ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ, ಒಳಗಿನ ಗಾಳಿ ಹೋಗಿ ನೀರು ತುಂಬಲಿ. ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹೊರತೆಗೆದು, ನೆಲದ ಮೇಲಿನ ಬಕೆಟ್‌ಗೆ ಇಳಿಸಿ ಬೆರಳು ಬಿಡಿ. ನೀರು ತೊಟ್ಟಿಯ ಅಂಚನ್ನು ಏರಿ ದಾಟಿ, ತಾನೇ ಸುರಿಯತೊಡಗುತ್ತದೆ. ಇದೇ ಸೈಫನ್. ಬ್ಯಾರಲ್ಲಿನಿಂದ ಡೀಸೆಲ್ ತೆಗೆಯುವವರು ಪೈಪನ್ನು ಬಾಯಿಂದ ಎಳೆಯುವುದನ್ನು ನೀವು ನೋಡಿರಬಹುದು. ಅದು ಅಪಾಯ. ತೊಟ್ಟಿಯ ನೀರಿನಲ್ಲೂ ರೋಗಾಣುಗಳಿರುತ್ತವೆ. ಬಾಯಿ ಹಚ್ಚಲೇಬೇಡಿ.

ನೀರು ಮೇಲೇರಿದ್ದು ಹೇಗೆ? ಹೊರಗೆ ಇಳಿಬಿದ್ದ ಪೈಪಿನ ಭಾಗ ಉದ್ದವಾಗಿದೆ, ಅದರಲ್ಲಿನ ನೀರಿನ ಭಾರವೂ ಹೆಚ್ಚು. ಗುರುತ್ವದಿಂದ ಅದು ಕೆಳಗೆ ಜಾರಿದಾಗ ಪೈಪಿನ ಮೇಲ್ಭಾಗದಲ್ಲಿ ಒತ್ತಡ ಕಡಿಮೆಯಾಗುತ್ತದೆ. ತೊಟ್ಟಿಯ ನೀರಿನ ಮೇಲೆ ವಾತಾವರಣ ಒತ್ತುತ್ತಲೇ ಇರುತ್ತದೆ. ಆ ಒತ್ತಡ ನೀರನ್ನು ಪೈಪಿನೊಳಕ್ಕೆ ತಳ್ಳುತ್ತದೆ. ನಿಲ್ಲಿಸಬೇಕೇ? ಹೊರಗಿನ ತುದಿಯನ್ನು ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲೆತ್ತಿ, ಅಷ್ಟೆ.

ಒಳಗಿನ ತುದಿಗೆ, ತಳ ಕತ್ತರಿಸಿದ ಸಣ್ಣ ಪ್ಲಾಸ್ಟಿಕ್ ಬಾಟಲಿಯ ಕತ್ತನ್ನು ಸಿಕ್ಕಿಸಿ ಉಸುಕಿನ ಮೇಲೆ ಹಿಡಿಯಿರಿ. ಅಗಲವಾದ ಬಾಟಲಿಯಲ್ಲಿ ನೀರು ನಿಧಾನವಾಗಿ ಏರುತ್ತದೆ. ಭಾರದ ಉಸುಕು ಮತ್ತೆ ಕೆಳಗೆ ಬೀಳುತ್ತದೆ, ಹಗುರವಾದ ಕೊಳೆ ಮಾತ್ರ ಹೊರಗೆ ಹೋಗುತ್ತದೆ. ಬ್ಯಾಕ್ಟೀರಿಯಗಳ ಮನೆ ಹಾಗೇ ಉಳಿಯುತ್ತದೆ.

ಹೊಸ ನೀರನ್ನು ಹಿಂದಿನ ದಿನವೇ ಬಕೆಟ್‌ನಲ್ಲಿ ತೆರೆದಿಡಿ, ಕ್ಲೋರಿನ್ ಆರಿಹೋಗುತ್ತದೆ. ಬೇಸಿಗೆಯಲ್ಲಿ ಮೇಲಿನ ಟ್ಯಾಂಕಿನ ನೀರು ಕಾದಿರುತ್ತದೆ, ಡಿಸೆಂಬರಿನಲ್ಲಿ ಕೊರೆಯುತ್ತದೆ. ಒಂದು ದಿನ ಒಳಗಿಟ್ಟರೆ ಅದು ತೊಟ್ಟಿಯ ನೀರಿನಷ್ಟೇ ಬೆಚ್ಚಗಾಗುತ್ತದೆ. ಆ ಬಕೆಟನ್ನು ದೊಡ್ಡವರಿಂದ ತೊಟ್ಟಿಗಿಂತ ಎತ್ತರದಲ್ಲಿ ಇರಿಸಿ, ಅದೇ ಪೈಪಿನಿಂದ ನಿಧಾನವಾಗಿ ಇಳಿಸಬಹುದು.

ಬೆಲೆಬಾಳುವ ಸಾಧನ ಬೇಕೇ?

ನಲ್ಲಿಗೆ ಸಿಕ್ಕಿಸುವ ಉದ್ದ ಪೈಪಿನ ಸಾಧನಗಳೂ ಇವೆ. ನಲ್ಲಿ ತಿರುಗಿಸಿದರೆ ನೀರು ಕಿರಿದಾದ ಕಂಠದಲ್ಲಿ ರಭಸವಾಗಿ ಹರಿಯುತ್ತದೆ, ಅಲ್ಲಿ ಒತ್ತಡ ಕುಸಿದು ತೊಟ್ಟಿಯ ನೀರನ್ನು ಎಳೆದುಕೊಳ್ಳುತ್ತದೆ. ದೊಡ್ಡ ದೊಡ್ಡ ತೊಟ್ಟಿಗಳನ್ನು ಇಟ್ಟವರಿಗೆ ಅದು ಅನುಕೂಲವೇ, ಬಕೆಟ್ ಹೊರುವ ಕಷ್ಟ ತಪ್ಪುತ್ತದೆ. ಆದರೆ ಕೊಳೆ ನೀರನ್ನು ಎಳೆಯಲು ಒಳ್ಳೆಯ ನಲ್ಲಿ ನೀರು ಸುರಿದು ಹೋಗುತ್ತದೆ. ನಲ್ಲಿ ನೀರು ದಿನವೂ ಬರದ ಊರುಗಳಿಗೆ ಅದು ಸರಿಯಲ್ಲ ಎಂದೇ ನನ್ನ ಅನಿಸಿಕೆ.

ಯಂತ್ರವಿಲ್ಲದೆ ನೀರನ್ನು ನಡೆಸುವುದು ನಮ್ಮ ಬೀದರಿಗೆ ಹೊಸದೂ ಅಲ್ಲ. ನೌಬಾದಿನ ಸುರಂಗ ಬಾವಿಯನ್ನು ನೋಡಿದ್ದೀರಾ? 15ನೇ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ ಪರ್ಶಿಯಾದ ಕರೇಜ್ ಪದ್ಧತಿಯಂತೆ ಅದನ್ನು ಕೊರೆದರು. ನೆಲದೊಳಗಿನ ಆ ಇಳಿಜಾರು ಕಾಲುವೆ ಸುಮಾರು 3 ಕಿಲೋಮೀಟರ್ ಉದ್ದವಿದೆ. ಅದು ಸೈಫನ್ ಅಲ್ಲ, ಅಲ್ಲಿ ನೀರು ಎಲ್ಲೂ ಮೇಲೇರುವುದಿಲ್ಲ. ಆದರೆ ಎರಡರಲ್ಲೂ ನೀರನ್ನು ನಡೆಸುವುದು ಗುರುತ್ವವೇ. ಅದಕ್ಕೆ ಕರೆಂಟು ಬೇಡ, ಹಣವೂ ಬೇಡ.

ಪೈಪು ಯಾರ ಕೈಯಲ್ಲಿ?

ಮಕ್ಕಳ ಕೈಗೆ ಕೊಟ್ಟರೆ ಗಾಜು ಒಡೆದೀತು, ನೀರು ಚೆಲ್ಲೀತು ಎಂದು ಹಿರಿಯರು ಹೇಳಬಹುದು. ಆ ಅಂಜಿಕೆ ಸಹಜ. ಆದರೆ ಗಾಜು ಒಡೆಯುವುದು ತುಂಬಿದ ತೊಟ್ಟಿಯನ್ನು ಎತ್ತಲು ಹೋದಾಗ. 50 ಲೀಟರ್ ನೀರು ಎಂದರೆ 50 ಕಿಲೋಗ್ರಾಂ ಭಾರ! ಸೈಫನ್ ಬಳಸಿದರೆ ತೊಟ್ಟಿಯನ್ನು ಕದಲಿಸುವ ಮಾತೇ ಇಲ್ಲ. ಚೆಲ್ಲಿದ ನೀರನ್ನು ಬಟ್ಟೆಯಿಂದ ಒರೆಸಿದರಾಯಿತು. ಕೋಣೆಯ ಮೂಲೆಯಲ್ಲಿ ಅಂದಕ್ಕಾಗಿ ಇಟ್ಟ ತೊಟ್ಟಿ, ನೋಡಿಕೊಳ್ಳುವವರಿಲ್ಲದೆ ಪಾಚಿಗಟ್ಟುತ್ತದೆ. ವಾರಕ್ಕೆ ನಾಲ್ಕು ಮಕ್ಕಳ ಸರದಿ ಇದ್ದರೆ ಅದೇ ಪ್ರಯೋಗಾಲಯವಾಗುತ್ತದೆ.

ನಿಮ್ಮ ಗುರುಗಳನ್ನು ಕೇಳಿ, ಒಂದು ಶನಿವಾರ ಶುರು ಮಾಡಿ. ಕೆಲಸಕ್ಕೆ ಮುಂಚೆ ಕೈಗೆ ಸಾಬೂನಿನ ಜಿಡ್ಡು ಇರಬಾರದು, ಮುಗಿದ ಮೇಲೆ ಮಾತ್ರ ಸಾಬೂನಿನಿಂದ ಕೈ ತೊಳೆಯಿರಿ. ಬಕೆಟ್‌ನ ಕೊಳೆ ನೀರನ್ನು ಚರಂಡಿಗೆ ಚೆಲ್ಲಬೇಡಿ. ಅದರಲ್ಲಿರುವ ನೈಟ್ರೇಟ್ ಗಿಡಗಳಿಗೆ ಗೊಬ್ಬರ. ಶಾಲೆಯ ಕೈತೋಟಕ್ಕೆ ಹಾಕಿ. ಮೀನೂ ಬದುಕಲಿ, ಗಿಡವೂ ಬೆಳೆಯಲಿ!