ಮಾತು ಸೋತಲ್ಲಿ ಹಾಡು

ಮಾತು ಉಡುಗಿದ ನಾಲಗೆಯ ಮೇಲೆ ಹಾಡು ಉಳಿದಿರುವುದುಂಟೆ? ಸ್ವೀಡನ್ನಿನ ಓಲೋಫ್ ಡಾಲಿನ್ 1745ರಲ್ಲಿ ಅಂಥ ಒಬ್ಬ ರೋಗಿಯ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. 'ಹೌದು' ಎಂಬುದೊಂದನ್ನುಳಿದು ಬೇರೇನನ್ನೂ ನುಡಿಯಲಾರದ ಆತ, ಮತ್ತೊಬ್ಬರು ಮೊದಲಲ್ಲಿ ದನಿಗೂಡಿಸಿದರೆ, ಹಿಂದೆ ಕಲಿತ ದೇವಸ್ತುತಿಗಳನ್ನು ಸ್ಪಷ್ಟವಾಗಿ ಹಾಡುತ್ತಿದ್ದನಂತೆ!

ಇಂಥ ವಿಸ್ಮಯವೇ ಮುಂದೆ ಚಿಕಿತ್ಸೆಗೆ ದಾರಿಯಾಯಿತು. 1973ರಲ್ಲಿ ಅಮೆರಿಕದ ಬಾಸ್ಟನ್ ನಗರದ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ ಎಂಬವರು ಅದಕ್ಕೊಂದು ಕ್ರಮವನ್ನು ರೂಪಿಸಿದರು. ಮಾತಿಗೆ ಆಧಾರವಾದ ಮಿದುಳಿನ ಎಡಭಾಗವು ಪಾರ್ಶ್ವವಾಯುವಿನಿಂದ ಘಾಸಿಗೊಂಡ ರೋಗಿಯಿಂದ, 'ನೀರು ಬೇಕು' ಎಂಬಂಥ ಕಿರುನುಡಿಯನ್ನು ಏರು ಇಳಿವುಗಳ ಎರಡೇ ಸ್ವರಗಳಲ್ಲಿ ಹಾಡಿಸುವರು. ಅಕ್ಷರಕ್ಕೊಂದರಂತೆ ಎಡಗೈಯಿಂದ ತಟ್ಟಿಸುವರು. ಚಿಕಿತ್ಸಕರು ಮೊದಲು ಜೊತೆಗೂಡಿ ಹಾಡಿ, ಬರಬರುತ್ತ ತಮ್ಮ ದನಿಯನ್ನು ತಗ್ಗಿಸುವರು. ಕಡೆಗೆ ರಾಗ ಕಳಚಿ ಮಾತು ಉಳಿಯಬೇಕು. ಸ್ವರವನ್ನು ಗ್ರಹಿಸುವ ಬಲಭಾಗವು ಎಡಭಾಗದ ಹೊರೆಯನ್ನು ಹೊರುವುದೆಂದು ಅವರ ಊಹೆ. ಲಯದ ಪಾಲೂ ದೊಡ್ಡದೆಂದು ಈಚಿನ ಸಂಶೋಧಕರ ಮತ.

2011ರಲ್ಲಿ ತಲೆಗೆ ಗುಂಡೇಟು ತಗುಲಿ ಮಾತು ಕಳೆದುಕೊಂಡ ಅಮೆರಿಕದ ಕಾಂಗ್ರೆಸ್ ಸದಸ್ಯೆ ಗೇಬ್ರಿಯಲ್ ಗಿಫರ್ಡ್ಸ್, ಹಾಡುತ್ತ ಹಾಡುತ್ತ ಪದಗಳನ್ನು ಮರಳಿ ಅರಸಿದರು. 2013ರ ಜನವರಿಯಲ್ಲಿ ಸೆನೆಟ್ ಸಮಿತಿಯ ಮುಂದೆ ಕೆಲವು ವಾಕ್ಯಗಳನ್ನು ತಡೆತಡೆದು ನುಡಿದರು. ತೊಡಕು ಪೂರ್ಣವಾಗಿ ಅಳಿದಿರಲಿಲ್ಲ.

ಸಂಗೀತವು ವೈದ್ಯನ ಸ್ಥಾನವನ್ನು ತುಂಬಲಾರದು. ಪಾರ್ಶ್ವವಾಯು ಬಡಿದ ಗಳಿಗೆಯಲ್ಲಿ ಆಸ್ಪತ್ರೆಯೇ ಮೊದಲು. ಆದರೆ ಬಳಿಕದ ದೀರ್ಘ ಮೌನವನ್ನು ಕಂಡು, ರೋಗಿಯ ಬುದ್ಧಿಯೇ ಅಳಿಯಿತೆಂದು ಮನೆಯವರು ಕೈಚೆಲ್ಲಬಾರದು. ಆತ ಬಲ್ಲ ಹಾಡೊಂದನ್ನು ಎತ್ತಿಕೊಡಲಿ; ಒಳಗಿರುವ ನುಡಿಗೆ ಅದೇ ಬಾಗಿಲಾದೀತು.