ಒಂದನೇ ಕ್ಲಾಸಿಗೆ ಬಿಎಡ್ ಸಲ್ಲದು

ಹುಡುಗಿ ಟೀಚರ್ ಆಗುತ್ತೇನೆ ಎಂದರೆ ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಬರುವ ಸಲಹೆ, ‘ಮೊದಲು ಡಿಗ್ರಿ, ಆಮೇಲೆ ಬಿಎಡ್.’ ಹೈಸ್ಕೂಲಿಗಾದರೆ ಸರಿ. ಒಂದರಿಂದ ಐದನೇ ತರಗತಿಗೆ ಈ ದಾರಿ ಮುಚ್ಚಿದೆ. ಬಿಎಡ್ ಆದವರೂ ಅಲ್ಲಿ ಪಾಠ ಮಾಡಬಹುದೆಂದು ಎನ್‌ಸಿಟಿಇ 2018ರಲ್ಲಿ ಹೊರಡಿಸಿದ್ದ ಅಧಿಸೂಚನೆ 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ.

ತೀರ್ಪು ಸರಿ ಎಂದೇ ನನ್ನ ಎಣಿಕೆ. ಆರು ವರ್ಷದ ಮಗುವಿಗೆ ಅಕ್ಷರ ಕೂಡಿಸಿ ಓದಲು ಕಲಿಸುವುದು ಬೇರೆಯದೇ ವಿದ್ಯೆ. ಡಿಎಡ್‌ನ (ಈಗಿನ ಹೆಸರು ಡಿ.ಎಲ್.ಇಡಿ, ಊರಿನ ಹಿರಿಯರಿಗೆ ಟಿಸಿಎಚ್ ಎಂದರೆ ತಿಳಿದೀತು) ಎರಡು ವರ್ಷ ಅದಕ್ಕೇ ಮೀಸಲು. ಹನ್ನೆರಡನೇ ತರಗತಿ ಆದೊಡನೆ ಸೇರಬಹುದು. ಡಿಗ್ರಿ, ಬಿಎಡ್ ಎರಡೂ ಮುಗಿಸಿದ ಮೇಲೆ ಇದು ಗೊತ್ತಾದರೆ ಮತ್ತೆರಡು ವರ್ಷ ಓದಿಸುವ ಶಕ್ತಿ ಎಷ್ಟು ಮನೆಗಳಿಗಿದೆ?

ಆಮೇಲೆ ಟಿಇಟಿ. ಕೇಂದ್ರದ ಸಿಟಿಇಟಿಯ ಒಂದನೇ ಪತ್ರಿಕೆಯಲ್ಲಿ ಸಾಮಾನ್ಯ ವರ್ಗದವರು 150ಕ್ಕೆ 90 ಅಂಕ ತೆಗೆಯಬೇಕು. ಭಾಷೆಯಾಗಿ ಕನ್ನಡವನ್ನೂ ಆರಿಸಿಕೊಳ್ಳಬಹುದು. ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳಿಗೆ ನಾಳೆ ಟೀಚರುಗಳು ನಮ್ಮ ಮನೆಗಳಿಂದಲೇ ಹೋಗಬೇಕಲ್ಲವೇ? ಹತ್ತನೇ ತರಗತಿಯ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಕೊಡುವ ನಮ್ಮ ಸಂಘಗಳು ಭಾಷಣಗಳಲ್ಲೊಂದನ್ನು ಬಿಟ್ಟು, ಆ ಹತ್ತು ನಿಮಿಷ ಈ ಲೆಕ್ಕ ಹೇಳಲಿ. ಅಪ್ಪ ಅಮ್ಮಂದಿರೂ ಅಲ್ಲೇ ಕೂತಿರುತ್ತಾರೆ.